ಪೆನ್ಸಿಲ್ಲಿನ ಗುರುತು

ಹೊಳೆಯ ದಂಡೆಯಲ್ಲಿ ಒಂದು ಹಳೆಯ ಕಲ್ಲಿನ ಕಟ್ಟಡ. ಒಳಗೆ ಎರಡು ಸೂಕ್ಷ್ಮದರ್ಶಕ, ಒಂದು ಕತ್ತಲೆ ಕೋಣೆ, ಒಬ್ಬ ಗುರು, ಒಬ್ಬ ಶಿಷ್ಯ.

ಊರಿನವರು ಅದನ್ನು ಆಶ್ರಮ ಎನ್ನುತ್ತಿದ್ದರು. ಅರ್ಧ ಗೌರವಕ್ಕೆ, ಅರ್ಧ ಚೇಷ್ಟೆಗೆ. ಮಧ್ಯಾಹ್ನಕ್ಕೆ ರೊಟ್ಟಿ, ಶೇಂಗಾ ಹಿಂಡಿ, ಮಜ್ಜಿಗೆ. ಅಷ್ಟು ಬಿಟ್ಟರೆ ಅಲ್ಲಿ ಆಶ್ರಮದ ಲಕ್ಷಣ ಏನೂ ಇರಲಿಲ್ಲ.

ಗುರುವಿನ ಹೆಸರು ವೇಣೂಬಾಯಿ. ಶಿಷ್ಯ ಅವರನ್ನು ಬಾಯಾರು ಎಂದು ಕರೆಯುತ್ತಿದ್ದ. ಶಿಷ್ಯನ ಹೆಸರು ಕಲ್ಮೇಶ. ಜಾಣ. ತಾನು ಜಾಣ ಎಂಬುದು ಅವನಿಗೂ ಗೊತ್ತಿತ್ತು, ಅದೇ ತೊಂದರೆ.

ಅವರ ಕೆಲಸ ವರ್ಣತಂತುಗಳಿಗೆ ಬಣ್ಣ ಹಚ್ಚುವುದು. ರಕ್ತವನ್ನು ಬೆಚ್ಚಗಿಟ್ಟು ಸಾಕಿದರೆ ಅದರೊಳಗಿನ ಕಣಗಳು ಒಂದು ಎರಡಾಗಲು ಅಣಿಯಾಗುತ್ತವೆ. ಆ ಹೊತ್ತಿಗೆ ಸರಿಯಾಗಿ ಅವುಗಳನ್ನು ತಡೆದರೆ, ಅಪ್ಪ ಅವ್ವ ಕೊಟ್ಟದ್ದೆಲ್ಲ ಸಣ್ಣ ಸಣ್ಣ ಕಡ್ಡಿಗಳಾಗಿ ಕಾಣುತ್ತದೆ. ಮನುಷ್ಯರಿಗೆ ನಲವತ್ತಾರು ಕಡ್ಡಿ, ಎರಡೆರಡರ ಜೋಡಿ. ಜೋಡಿಗೊಂದು ಸಂಖ್ಯೆ, ಜೋಡಿಗೊಂದು ಬಣ್ಣ. ಒಂದರ ತುಂಡು ಇನ್ನೊಂದಕ್ಕೆ ಹೋಗಿ ಕೂತಿದ್ದರೆ, ಕೆಂಪು ಕಡ್ಡಿಯ ತುದಿಯಲ್ಲಿ ಹಸಿರು ಹೊಳೆಯುತ್ತದೆ.

ಸೇರಿದ ಮೊದಲ ದಿನ ಗುರು ಕಲ್ಮೇಶನ ತೋಳಿನಿಂದಲೇ ರಕ್ತ ತೆಗೆದರು. ಆ ರಕ್ತದಿಂದಲೇ ಅವನಿಗೆ ಸ್ಲೈಡ್ ಮಾಡುವುದನ್ನು ಕಲಿಸಿದರು. ಅಲ್ಲಿಗೆ ಬಂದ ಪ್ರತಿ ಶಿಷ್ಯನಿಗೂ ಅದೇ ಪದ್ಧತಿ. ಆದರೆ ಬಣ್ಣ ಹಚ್ಚಲು ಬಿಡಲಿಲ್ಲ. ಸ್ಲೈಡನ್ನು ಒಂದು ಡಬ್ಬಿಯಲ್ಲಿಟ್ಟು ತಣ್ಣನೆಯ ಕಪಾಟಿಗೆ ಸೇರಿಸಿದರು.

“ಯಾಕ್ರಿ ಬಾಯಾರ? ನಂದು ನಾ ನೋಡಬಾರದೇನ್ರಿ?”

“ಮೊದಲ ಮಂದೀದು ನೋಡಾಕ ಕಲಿ. ನಿಂದು ಎಲ್ಲೂ ಓಡಿ ಹೋಗೂದಿಲ್ಲ.”

*

ಮೊದಲ ಪಾಠ ಕಾಡುಕುರಿಯದು, ನಾಯಿಯ ಹಾಗೆ ಬೊಗಳುವ ಆ ಸಣ್ಣ ಜಿಂಕೆಯದು.

ಗುರು ಎರಡು ಸ್ಲೈಡ್ ಕೊಟ್ಟರು. ಒಂದು ಚೀನಾ ದೇಶದ ಕಾಡುಕುರಿ. ಇನ್ನೊಂದು ನಮ್ಮ ಕಾಡಿನದು, ಹೆಣ್ಣು.

ಕಲ್ಮೇಶ ಎಣಿಸಿದ. ಚೀನಾದ್ದಕ್ಕೆ ನಲವತ್ತಾರು ಕಡ್ಡಿ. ನಮ್ಮದಕ್ಕೆ ಆರೇ ಆರು.

“ಅಯ್ಯ, ನಮ್ಮದು ಎಲ್ಲಾ ಕಳಕೊಂಡದಲ್ರಿ ಬಾಯಾರ! ಪಾಪ.”

“ಬಣ್ಣ ಹಚ್ಚು.”

ಚೀನಾದ ಪ್ರಾಣಿಯ ಒಂದೊಂದು ಕಡ್ಡಿಯಿಂದ ಮಾಡಿದ ಬಣ್ಣಗಳನ್ನು ತಂದು ನಮ್ಮ ಪ್ರಾಣಿಯ ಮೇಲೆ ಹಚ್ಚಿದ. ಹಾಗೆ ಮಾಡಿದ ಬಣ್ಣ ತನ್ನಂಥ ತುಂಡಿಗೆ ಮಾತ್ರ ಅಂಟುತ್ತದೆ. ಆ ದಪ್ಪ ದಪ್ಪ ಕಡ್ಡಿಗಳ ಮೇಲೆ ಎಲ್ಲ ಬಣ್ಣಗಳೂ ಮೂಡಿದವು. ಒಂದರ ಕೆಳಗೊಂದು, ಕೌದಿಯ ತುಂಡುಗಳ ಹಾಗೆ.

“ಏನು ಕಡಿಮಿ ಅದ?”

“ಏನೂ ಕಡಿಮಿ ಇಲ್ರಿ.”

“ಮತ್ತ?”

“ಎಲ್ಲಾ ಅದಾವು. ಕೂತ ಜಾಗಾ ಬ್ಯಾರೆ.”

“ಇಷ್ಟ ತಿಳದರ ಸಾಕು. ಯಾರದು ಕೆಟ್ಟದ ಅಂತ ಕೇಳಬ್ಯಾಡ. ಯಾವುದು ಎಲ್ಲದ ಅಂತ ಕೇಳು.”

ಕಲ್ಮೇಶ ತಲೆಯಾಡಿಸಿದ. ತಲೆಯಾಡಿಸುವುದು ಸುಲಭ.

*

ಆ ಮನೆಗೆ ಮೂರು ಕಟ್ಟಳೆ ಇದ್ದವು.

ಮೊದಲನೆಯದು: ಸ್ಲೈಡಿನ ತುದಿಯಲ್ಲಿ ಒರಟಾದ ಬಿಳಿ ಜಾಗ ಇರುತ್ತದಲ್ಲ, ಅಲ್ಲಿ ಗುರುತು ಹಾಕುವುದು ಪೆನ್ಸಿಲ್ಲಿನಿಂದ ಮಾತ್ರ. ಪೆನ್ನು ಮುಟ್ಟಬಾರದು. ಕಣಗಳನ್ನು ಗಾಜಿಗೆ ಅಂಟಿಸುವುದು ಮೆಥನಾಲ್ ಎಂಬ ಸ್ಪಿರಿಟ್ಟಿನಲ್ಲಿ. ಅದು ತಾಗಿದರೆ ಶಾಯಿ ಕರಗಿ ಹರಿದುಹೋಗುತ್ತದೆ. ಪೆನ್ಸಿಲ್ಲಿಗೆ ಏನೂ ಆಗುವುದಿಲ್ಲ.

ಎರಡನೆಯದು: ಗಂಡಹೆಂಡತಿಯ ರಕ್ತ ಬಂದರೆ ಯಾವುದು ಯಾರದೆಂದು ಶಿಷ್ಯ ಕೇಳಬಾರದು. ಗುರುವೇ ಒಂದು ಕೊಳವೆಗೆ ಒಂದು ಗೆರೆ, ಇನ್ನೊಂದಕ್ಕೆ ಎರಡು ಗೆರೆ ಎಳೆದು ಒಳಗೆ ಕಳಿಸುತ್ತಿದ್ದರು.

ಮೂರನೆಯದು: ಅಂಥ ಸ್ಲೈಡುಗಳಲ್ಲಿ ಎಕ್ಸ್ ಮತ್ತು ವೈಗೆ ಬಣ್ಣ ಹಚ್ಚಬಾರದು, ಅವುಗಳನ್ನು ಹುಡುಕಲೂಬಾರದು. ವೈ ಎಂಬ ಸಣ್ಣ ಕಡ್ಡಿ ಗಂಡಸಿನಲ್ಲಿ ಮಾತ್ರ ಇರುತ್ತದೆ. ಅದು ಕಂಡರೆ ರಕ್ತ ಗಂಡನದೆಂದು ತಿಳಿದುಬಿಡುತ್ತದೆ. ಬಣ್ಣ ಹಚ್ಚದ್ದು ಕತ್ತಲೆಯಲ್ಲಿ ಕತ್ತಲೆಯಾಗಿಯೇ ಉಳಿಯುತ್ತದೆ.

ಕೂಸು ನಿಲ್ಲದ ಗಂಡಹೆಂಡತಿಯರು ಅಲ್ಲಿಗೆ ಬರುತ್ತಿದ್ದರು. ಇಬ್ಬರಲ್ಲಿ ಒಬ್ಬರಲ್ಲಿ ತುಂಡುಗಳು ಜಾಗ ಬದಲಿಸಿದ್ದರೆ ಗುರು ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ ಹೇಳುತ್ತಿದ್ದರು.

“ನಿಮ್ಮಿಬ್ಬರೊಳಗ ಎರಡು ತುಂಡು ಜಾಗಾ ಬದಲ್ ಮಾಡ್ಯಾವು. ಅದಕ್ಕ ಕೂಸು ನಿಲ್ಲವಲ್ವು. ಹಂಗಂತ ನಿಲ್ಲೂದೇ ಇಲ್ಲ ಅಂತಲ್ಲ. ಯಾವುದೋ ಒಂದು ನಿಲ್ತದ, ಧೈರ್ಯ ಬಿಡಬ್ಯಾಡ್ರಿ. ನಿಮ್ಮಿಬ್ಬರ ಒಡಹುಟ್ಟಿದವರೂ ಬಂದು ರಕ್ತ ಕೊಡಲಿ.”

ಯಾರದೆಂದು ತಿಳಿಯಲೇಬೇಕಿದ್ದರೆ ಇಬ್ಬರೂ ಕೂಡಿ ಬಂದು ಕೇಳಬೇಕು. ಆಗ ಹೇಳುತ್ತಿದ್ದರು. ಬೇರೆ ಯಾರು ಕೇಳಿದರೂ ಹೇಳುತ್ತಿರಲಿಲ್ಲ.

“ಇಷ್ಟೆಲ್ಲಾ ಯಾಕ್ರಿ?” ಕಲ್ಮೇಶ ಒಮ್ಮೆ ಕೇಳಿದ. “ಇದ್ದದ್ದು ಇದ್ದಂಗ ಹೇಳಿದರ ಏನಾಗ್ತದ?”

“‘ಯಾರದು’ ಅನ್ನೂದು ಈ ಕೋಣಿಯೊಳಗ ಬರೇ ಪ್ರಶ್ನೆ ತಮ್ಮಾ. ಹೊಸ್ತಿಲಾ ದಾಟಿದರ ಅದು ತೀರ್ಪು.”

*

ಕಲ್ಮೇಶನಿಗೆ ಒಬ್ಬಳೇ ಅಕ್ಕ, ನೀಲವ್ವ. ಹೊಳೆಯ ಆಚೆ ದಂಡೆಯ ಊರಿಗೆ ಕೊಟ್ಟಿತ್ತು. ಗಂಡ ಅಡಿವೆಪ್ಪ ದರ್ಜಿ. ಮಾತು ಕಡಿಮೆ. ಕೊರಳಲ್ಲಿ ಯಾವಾಗಲೂ ಅಳತೆಯ ಟೇಪು.

ನೀಲವ್ವ ಬಸಿರಾದಾಗಲೆಲ್ಲ ಅಡಿವೆಪ್ಪ ಒಂದು ಕುಂಚಿಗೆ ಹೊಲಿಯುತ್ತಿದ್ದ, ಕೂಸಿನ ತಲೆಗೂ ಬೆನ್ನಿಗೂ ಆಗುವಂಥದು. ಬಸಿರು ಇಳಿದಾಗಲೆಲ್ಲ ಅದರ ಹೊಲಿಗೆ ಬಿಚ್ಚಿ ಬಟ್ಟೆ ಮಡಚಿಡುತ್ತಿದ್ದ. ಹಾಗೆ ಮಡಚಿಟ್ಟ ಬಟ್ಟೆಗಳು ಟ್ರಂಕಿನಲ್ಲಿ ಒಂದರ ಮೇಲೊಂದು ಬಿದ್ದಿದ್ದವು.

ಅಡಿವೆಪ್ಪನ ತಾಯಿ ಬಾಳವ್ವನಿಗೆ ತಾಳ್ಮೆ ಮುಗಿದಿತ್ತು. “ಬಂಜಿ ಹೊಲಕ್ಕ ಎಷ್ಟ ಬಿತ್ತೂದು?” ಎಂದಳು. ಮಗನಿಗೆ ಇನ್ನೊಂದು ಹೆಣ್ಣು ನೋಡಿದಳು. ನೀಲವ್ವನನ್ನು ತವರಿಗೆ ಅಟ್ಟುವುದು ಎಂದೂ ಆಯಿತು. ತವರಿನಲ್ಲಿ ಅಪ್ಪ ಅವ್ವ ಇಬ್ಬರೂ ತೀರಿಕೊಂಡಿದ್ದರು. ಇದ್ದವನು ಕಲ್ಮೇಶ ಒಬ್ಬನೇ, ಅವನಿಗೂ ಆಶ್ರಮದ ಮೂಲೆಯೇ ಮನೆ.

ಅವನೇ ಇಬ್ಬರನ್ನೂ ದೋಣಿ ದಾಟಿಸಿ ಕರೆತಂದ.

ಕಲ್ಮೇಶನನ್ನು ಹೊರಗೆ ನಿಲ್ಲಿಸಿ ಗುರು ರಕ್ತ ತೆಗೆದರು. ತೆಗೆದು ಬಂದು ಅವನನ್ನು ಕೇಳಿದರು.

“ನಿಮ್ಮವ್ವಗ ಎಷ್ಟ ಮಕ್ಕಳು?”

“ನಾವಿಬ್ಬರ್ರಿ, ಅಕ್ಕ ಮತ್ತ ನಾನು.”

“ನಿಮ್ಮಿಬ್ಬರ ನಡುವ?”

“ನಡುವ ಭಾಳ ಹೋದ್ವಂತ್ರಿ. ದೇವರ ಕಾಟ ಅಂತಿದ್ಲು ಅವ್ವ.”

ಬೇರೆ ಯಾರ ಬಾಯಿಂದಾದರೂ ಈ ಮಾತು ಬಂದಿದ್ದರೆ ಕಲ್ಮೇಶ ತಟ್ಟನೆ ಹಿಡಿಯುತ್ತಿದ್ದ. ತನ್ನ ಬಾಯಿಂದ ಬಂದದ್ದು ತನ್ನ ಕಿವಿಗೆ ಬೀಳಲಿಲ್ಲ. ಗುರು ಅವನನ್ನೇ ಸ್ವಲ್ಪ ಹೊತ್ತು ನೋಡಿದರು. ಕಾಯೋಣ, ಬಣ್ಣವೇ ಹೇಳಲಿ ಎಂದುಕೊಂಡರೋ ಏನೋ, ಸುಮ್ಮನಾದರು.

ಹೊರಡುವಾಗ ಕಲ್ಮೇಶ ಮಾವ ಅಡಿವೆಪ್ಪನಿಗೆ ಹೇಳಿದ. “ಮಾವ, ನೀವಿಬ್ಬರೂ ಕೂಡಿ ಕೇಳಿದರ ಯಾರದು ಅಂತ ಬಾಯಾರು ಹೇಳ್ತಾರ. ಕೇಳ್ರಿ. ನಿಮ್ಮವ್ವನ ಬಾಯಿ ಮುಚ್ಚತದ.”

ಅಡಿವೆಪ್ಪ ನೀಲವ್ವನ ಕಡೆ ನೋಡಿದ.

“ಬ್ಯಾಡ ಕಲ್ಮೇಶ. ಯಾರದಾದ್ರೇನು, ಹೋದದ್ದು ಇಬ್ಬರದು.”

ಎಂಥ ಮಾತು! ಪುಸ್ತಕ ಓದಿದವನು ಅಲ್ಲೇ ಕೈಮುಗಿಯಬೇಕಿತ್ತು. ಕಲ್ಮೇಶನಿಗೆ ಸಿಟ್ಟು ಬಂತು. ಈ ಮನುಷ್ಯ ಹೀಗೆ ಸುಮ್ಮನಿದ್ದರೆ ಅಕ್ಕ ಬೀದಿಗೆ ಬೀಳುತ್ತಾಳೆ ಎಂದುಕೊಂಡ. ಅಕ್ಕ ದೋಣಿ ಹತ್ತುವಾಗ ಮೆಲ್ಲಗೆ ಕೇಳಿದ.

“ಅಕ್ಕಾ, ನಿನ್ನ ರಕ್ತದ ಕೊಳವಿಗೆ ಎಷ್ಟ ಗೆರಿ ಹಾಕಿದ್ರು?”

“ಒಂದ. ಯಾಕ?”

“ಏನಿಲ್ಲ.”

ಎರಡನೆಯ ಕಟ್ಟಳೆ ಅಲ್ಲಿಗೆ ಮುರಿಯಿತು.

*

ರಕ್ತ ಸಾಕಿ ಸ್ಲೈಡ್ ಮಾಡುವ ದಿನ ಗುರು ಬೇರೆ ಊರಿಗೆ ಹೋಗಿದ್ದರು. ಮಾರನೆಯ ದಿನವೇ ಬಾಳವ್ವನ ಮನೆಗೆ ಹೊಸ ಹೆಣ್ಣಿನ ಕಡೆಯವರು ಬರುವವರಿದ್ದರು.

ಕಲ್ಮೇಶನ ಕೈ ಅವಸರದಲ್ಲಿತ್ತು. ಮೇಜಿನ ಮೇಲಿದ್ದ ಪೆನ್ಸಿಲ್ಲಿನ ಮೊನೆ ಮುರಿದಿತ್ತು. ಕಿಸೆಯಲ್ಲಿ ಪೆನ್ನು ಇತ್ತು. ಒಂದೇ ಸಲಕ್ಕೆ ಏನಾಗುತ್ತದೆ ಎಂದುಕೊಂಡು ಒಂದು ಸ್ಲೈಡಿಗೆ ಒಂದು ಗೆರೆ, ಇನ್ನೊಂದಕ್ಕೆ ಎರಡು ಗೆರೆ ಎಳೆದ.

ಮೆಥನಾಲಿನಲ್ಲಿ ಕಲಸಿದ ಕಣಗಳ ಹನಿಯನ್ನು ಮೇಲಿನಿಂದ ಬಿಟ್ಟ. ತೊಳೆದ. ಒಣಗಲು ಓರೆಯಾಗಿ ನಿಲ್ಲಿಸಿದ.

ತಿರುಗಿ ನೋಡಿದರೆ ಎರಡೂ ಬೋಳು. ಶಾಯಿ ನೀಲಿಯಾಗಿ ಕೆಳಗಿನ ಕಾಗದಕ್ಕೆ ಇಳಿದಿತ್ತು.

ಕೊಳವೆಯಲ್ಲಿ ಇನ್ನೂ ಉಳಿದಿತ್ತು. ಎರಡನ್ನೂ ಎಸೆದು ಹೊಸದಾಗಿ ಮಾಡಬಹುದಿತ್ತು. ಹಾಗೆ ಮಾಡಿದರೆ ನಾಳೆಗೆ ಬಣ್ಣ ಮೂಡುವುದಿಲ್ಲ. ಎಡಗಡೆ ಇಟ್ಟದ್ದು ಅಕ್ಕನದು ಎಂದು ಅವನಿಗೆ ನೆನಪಿತ್ತು. ನೆನಪಿತ್ತು ಎಂದು ಅವನು ನಂಬಿದ. ಎಡದ್ದಕ್ಕೆ ಒಂದು ಗೆರೆ, ಬಲದ್ದಕ್ಕೆ ಎರಡು. ಮತ್ತೆ ಅದೇ ಪೆನ್ನು.

ಬಣ್ಣ ಹಚ್ಚಿ ಇಟ್ಟು, ಬೆಳಗ್ಗೆ ಕತ್ತಲೆ ಕೋಣೆ ಹೊಕ್ಕ.

ಒಂದು ಗೆರೆಯ ಸ್ಲೈಡಿನಲ್ಲಿ ಎಲ್ಲವೂ ಅವುಗಳ ಜಾಗದಲ್ಲೇ ಇದ್ದವು.

ಎರಡು ಗೆರೆಯದರಲ್ಲಿ ಏಳನೆಯ ಕಡ್ಡಿಯ ತುದಿ ಹನ್ನೆರಡನೆಯದರ ಮೇಲೆ, ಹನ್ನೆರಡನೆಯದರ ತುದಿ ಏಳನೆಯದರ ಮೇಲೆ. ಕೆಂಪಿನ ಕೊನೆಗೆ ಹಸಿರು, ಹಸಿರಿನ ಕೊನೆಗೆ ಕೆಂಪು. ನೋಡಿದ ಕಣದಲ್ಲೆಲ್ಲ ಹಾಗೆಯೇ.

“ಅಕ್ಕಂದಲ್ಲ!” ಎಂದು ಕಲ್ಮೇಶ ಒಬ್ಬನೇ ಕೂಗಿದ.

ಎಕ್ಸ್, ವೈ ಬಣ್ಣದ ಶೀಶೆಗಳು ಕೈಗೆಟಕುವಷ್ಟು ದೂರದಲ್ಲೇ ಇದ್ದವು. ಅವನು ಮುಟ್ಟಲಿಲ್ಲ. ಅದು ಮೂರನೆಯ ಕಟ್ಟಳೆ ನೋಡಿ. ಮೂರರಲ್ಲಿ ಎರಡನ್ನು ಮುರಿದ ಮಹಾರಾಯ, ಯಾವುದನ್ನು ಮುರಿದಿದ್ದರೆ ಬದುಕುತ್ತಿದ್ದನೋ ಅದೊಂದನ್ನು ಭಕ್ತಿಯಿಂದ ಪಾಲಿಸಿದ.

*

ಬಾಳವ್ವನ ಪಡಸಾಲೆಯಲ್ಲಿ ಹೆಣ್ಣಿನ ಸೋದರಮಾವ ಕೂತಿದ್ದ. ಚುರುಮುರಿ, ಚಹಾ ಆಗಿತ್ತು. ಓಣಿಯ ಹಿರಿಯರಿದ್ದರು. ನೀಲವ್ವ ಒಳಗಿನ ಬಾಗಿಲಿಗೆ ಒರಗಿ ನಿಂತಿದ್ದಳು. ಅಡಿವೆಪ್ಪ ಹೊಲಿಗೆ ಯಂತ್ರದ ಹಿಂದೆ ತಲೆತಗ್ಗಿಸಿ ಕೂತಿದ್ದ.

ಕಲ್ಮೇಶ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದ.

“ಹೆಣ್ಣ ಕೊಡಾಕ ಬಂದೀರೇನ್ರಿ? ಕೇಳ್ಕೊಂಡ ಹೋಗ್ರಿ. ಕೂಸು ನಿಲ್ಲದಿದ್ದದ್ದು ನಮ್ಮಕ್ಕನ ದೆಸಿಂದಲ್ಲ. ಈ ಮನಿ ಮಗನ ದೆಸಿಂದ. ನಿಮ್ಮ ಹುಡುಗಿ ಬಂದರೂ ಅದೇ ಹಣೆಬರಹ.”

“ಕಲ್ಮೇಶಾ, ಸುಮ್ನಿರು!” ನೀಲವ್ವ ಕೂಗಿದಳು.

“ಯಾಕ ಸುಮ್ನಿರಲಿ? ಇಷ್ಟ ವರ್ಷ ಸುಮ್ನಿದ್ದದ್ದು ಸಾಲದೇನು?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸೋದರಮಾವ ಚಹಾದ ಬಟ್ಟಲು ಕೆಳಗಿಟ್ಟು ಎದ್ದ. ಓಣಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಳವ್ವನ ಬಾಯಿಂದ ಹುಟ್ಟಿದಾಗಿನಿಂದ ಮೊದಲ ಬಾರಿಗೆ ಮಾತು ಹೊರಡಲಿಲ್ಲ. ಅದನ್ನು ನೋಡಿ ಕಲ್ಮೇಶನಿಗೆ ಖುಷಿಯಾಯಿತು. ಹೌದು, ಖುಷಿಯೇ ಆಯಿತು.

ಅಡಿವೆಪ್ಪ ಎದ್ದು ಹತ್ತಿರ ಬಂದ.

“ಖರೇನ ಕಲ್ಮೇಶ?”

“ಖರೇ ಮಾವ. ಕಣ್ಣಾರೆ ನೋಡೀನಿ.”

“ಹೋದ ಕೂಸೆಲ್ಲಾ ನನ್ನ ದೆಸಿಂದನ?”

“ಹೌದು.”

ಗುರು ಯಾವಾಗಲೂ ಹೇಳುತ್ತಿದ್ದ ಮಾತಿಗೆ ಎರಡನೆಯ ಅರ್ಧ ಇತ್ತು. ಯಾವುದೋ ಒಂದು ಕೂಸು ನಿಲ್ಲುತ್ತದೆ ಎಂಬುದು. ಕಲ್ಮೇಶನಿಗೆ ಆಗ ಅದರ ನೆನಪೇ ಬರಲಿಲ್ಲ. ಗೆದ್ದವನಿಗೆ ಪೂರ್ತಿ ಮಾತು ಯಾಕೆ ಬೇಕು?

ಮಾರನೆಯ ಬೆಳಗ್ಗೆ ಹೊಳೆಯ ಮೆಟ್ಟಿಲಿನ ಮೇಲೆ ಅಡಿವೆಪ್ಪನ ಚಪ್ಪಲಿ ಇದ್ದವು. ಚಪ್ಪಲಿಯ ಮೇಲೆ ಸುತ್ತಿಟ್ಟ ಅಳತೆಯ ಟೇಪು, ಅದು ಬಿಚ್ಚಿಕೊಳ್ಳದ ಹಾಗೆ ಮೇಲೊಂದು ಕಲ್ಲು.

ಕೆಳಗಿನ ಊರಿನ ಒಡ್ಡಿನ ಹತ್ತಿರ ಹೊಳೆ ಅವನನ್ನು ತಿರುಗಿ ಕೊಟ್ಟಿತು.

*

ಮಣ್ಣಾದ ಮೇಲೆ ಕಲ್ಮೇಶ ಆಶ್ರಮಕ್ಕೆ ಬಂದ.

ಗುರು ಊರಿಂದ ಮರಳಿದ್ದರು. ಎಲ್ಲ ಅವರ ಕಿವಿಗೆ ಬಿದ್ದಿತ್ತು. ಬೈಯಲಿಲ್ಲ. ಒಂದು ಲೋಟ ಮಜ್ಜಿಗೆ ಕೊಟ್ಟರು.

“ಬಾಯಾರ, ನಾ ಖರೇ ಹೇಳಿದ್ರಿ. ಅವ್ರು ಹಿಂಗ ಮಾಡ್ಕೊಂಡ್ರ ನಾ ಏನ ಮಾಡ್ಲಿ? ಖರೇ ಹೇಳೂದು ತಪ್ಪೇನ್ರಿ?”

“ಸ್ಲೈಡ್ ತಗೊಂಡ ಬಾ.”

ತಂದ. ಗುರು ಎರಡು ಗೆರೆಯ ಸ್ಲೈಡನ್ನು ತೆಗೆದುಕೊಂಡು ತುದಿಯ ಗುರುತನ್ನು ನೋಡಿದರು. ನೀಲಿ ಶಾಯಿ. ಅವರ ಮುಖ ಬಿಳಿಚಿಕೊಂಡಿತು.

“ಪೆನ್ನಿಲೆ ಬರದೀಯೇನು?”

“ಪೆನ್ಸಿಲ್ ಮೊನಿ ಮುರದಿತ್ರಿ. ಒಮ್ಮೆ ಅಳಸಿತ್ತು, ಮತ್ತ ಬರದೆ. ನೆನಪಿತ್ತು.”

“ಯಾರ ಸ್ಲೈಡ್ ಇದು?”

ಕಲ್ಮೇಶ ಬೆಚ್ಚಿದ. ಆ ಪ್ರಶ್ನೆಯನ್ನು ಗುರುವಿನ ಬಾಯಿಂದ ಅವನು ಎಂದೂ ಕೇಳಿರಲಿಲ್ಲ.

“ಮಾವಂದ್ರಿ.”

“ಎರಡೂ ಸ್ಲೈಡಿಗೆ ಎಕ್ಸ್, ವೈ ಬಣ್ಣ ಹಚ್ಚು. ನಾಳೆ ಇದರಾಗ ನನಗ ವೈ ತೋರಸು.”

ಮಾರನೆಯ ದಿನ ಕತ್ತಲೆ ಕೋಣೆಯಲ್ಲಿ ಕಲ್ಮೇಶ ಕಣ್ಣು ಹಚ್ಚಿದ. ಒಂದು ಕಣ ನೋಡಿದ. ಇನ್ನೊಂದಕ್ಕೆ ಸರಿಸಿದ. ಮತ್ತೊಂದು. ಗುರು ಬೆನ್ನ ಹಿಂದೆ ನಿಂತಿದ್ದರು.

“ಸಿಕ್ತೇನು?”

ಅವನು ಸ್ಲೈಡಿನ ಈ ತುದಿಯಿಂದ ಆ ತುದಿಯವರೆಗೆ ಹೋಗಿ ಮತ್ತೆ ತಿರುಗಿ ಬಂದ. ಎಲ್ಲೆಲ್ಲೂ ಎರಡು ಎಕ್ಸ್. ವೈ ಒಂದೂ ಇಲ್ಲ.

“ಇಲ್ರಿ.”

“ಇನ್ನೊಂದು ನೋಡು.”

ಅಕ್ಕನದು ಎಂದು ಅವನು ಒಂದು ಗೆರೆ ಎಳೆದ ಸ್ಲೈಡು. ಮೊದಲ ಕಣದಲ್ಲೇ ವೈ ಹೊಳೆಯುತ್ತಿತ್ತು. ಏಳನೆಯದು ತನ್ನ ಜಾಗದಲ್ಲಿ, ಹನ್ನೆರಡನೆಯದು ತನ್ನ ಜಾಗದಲ್ಲಿ. ಒಂದು ಚೂರೂ ಆಚೀಚೆ ಇರಲಿಲ್ಲ.

“ಮಾವಂದು... ಮಾವಂದು ಚಲೋ ಇತ್ರಿ.”

“ಹ್ಞೂಂ.”

“ಸುಳ್ಳ ಹೇಳಿ ಕೊಂದ್ನೇನ್ರಿ ನಾನು?”

ಗುರು ದೀಪ ಹಾಕಲಿಲ್ಲ. ಅವನ ಅಳು ನಿಲ್ಲುವವರೆಗೆ ಕತ್ತಲೆಯಲ್ಲೇ ನಿಂತಿದ್ದರು. ಅದು ಬೇಗ ನಿಲ್ಲಲಿಲ್ಲ.

*

ಅಳು ನಿಂತ ಮೇಲೆ ಮನುಷ್ಯನಿಗೆ ಬುದ್ಧಿ ಬರುತ್ತದೆ ಎನ್ನುತ್ತಾರೆ. ಕಲ್ಮೇಶನಿಗೆ ಬಂದದ್ದು ಯುಕ್ತಿ.

“ಬಾಯಾರ, ಇದು ನಿಮಗ ಗೊತ್ತು, ನನಗ ಗೊತ್ತು. ಇನ್ಯಾರಿಗೂ ಗೊತ್ತಿಲ್ಲ. ಅಕ್ಕನ ಮ್ಯಾಲ ಈಗ ಯಾರೂ ಬೆರಳ ತೋರಸೂದಿಲ್ಲ. ಇದ ಗೊತ್ತಾದರ ಅಕಿ ಉಳಿಯಂಗಿಲ್ರಿ. ಈ ಗಾಜು ಒಡದ ಬಿಡೂಣ.”

ಗುರು ತಣ್ಣನೆಯ ಕಪಾಟು ತೆರೆದರು. ಡಬ್ಬಿಯಿಂದ ಒಂದು ಹಳೆಯ ಸ್ಲೈಡು ತೆಗೆದು ಅವನ ಮುಂದಿಟ್ಟರು. ಅವನು ಸೇರಿದ ಹೊಸತರಲ್ಲಿ ಅವನ ರಕ್ತದಿಂದ ಅವನ ಕೈಯಿಂದಲೇ ಮಾಡಿಸಿದ್ದು.

“ಒಡಿಯೂದಿದ್ದರ ಇದನ್ನೂ ಕೂಡಿಸಿ ಒಡಿ. ಮೊದಲ ಬಣ್ಣ ಹಚ್ಚಿ ನೋಡು.”

“ಬ್ಯಾಡ್ರಿ.”

“ಹಚ್ಚು.”

ಹಚ್ಚಿದ. ಎರಡು ಸಲ ಚೆಲ್ಲಿದ.

ಬಣ್ಣ ಮೂಡಿದ ಮೇಲೆ ನೋಡಿದ. ಏಳರ ತುದಿ ಹನ್ನೆರಡರ ಮೇಲೆ, ಹನ್ನೆರಡರ ತುದಿ ಏಳರ ಮೇಲೆ. ಅಕ್ಕನ ಸ್ಲೈಡಿನಲ್ಲಿ ಎಲ್ಲಿ ಮುರಿದಿತ್ತೋ ಅಲ್ಲೇ.

“ನಂದೂ ಹಂಗ ಅದರಿ.”

“ಏನು ಕಡಿಮಿ ಅದ ಅದರೊಳಗ?”

“ಏನೂ ಕಡಿಮಿ ಇಲ್ರಿ. ಜಾಗಾ ಅಷ್ಟ ಬ್ಯಾರೆ.”

ಅಕ್ಕನಿಗೂ ತನಗೂ ನಡುವೆ ಹೋದ ಕೂಸುಗಳು ಈಗ ಅವನ ಲೆಕ್ಕಕ್ಕೆ ಬಂದವು. ಅವ್ವ ಹರಕೆ ಹೊತ್ತು ಹೊತ್ತು ಸವೆದದ್ದು ನೆನಪಾಯಿತು.

“ಬಾಯಾರ, ಹಂಗಾರ ಇದು ನಮ್ಮಪ್ಪಂದೋ ನಮ್ಮವ್ವಂದೋ...”

ಗುರು ಅವನ ಕಡೆ ನೋಡಿದರು. ಕಲ್ಮೇಶ ಮಾತು ಅಲ್ಲಿಗೇ ನಿಲ್ಲಿಸಿದ.

“ನಿಮಗ ಮೊದಲ ಗೊತ್ತಿತ್ತೇನ್ರಿ?”

“ನಿಮ್ಮವ್ವನ ಮಾತು ನೀ ಹೇಳಿದಾಗ ಸಂಶೆ ಬಂತು. ಅವತ್ತ ಬಾಯಿ ಬಿಡಬೇಕಾಗಿತ್ತು. ಬಣ್ಣ ಹೇಳಲಿ ಅಂತ ಕಾದೆ. ಅಡಿವೆಪ್ಪನ ಸಾವಿನೊಳಗ ನನ್ನ ಪಾಲೂ ಅದ.”

ಗುರು ಅಷ್ಟನ್ನು ಹೇಳಿ ಬೆಂಚಿನ ಮೇಲೆ ಕೂತರು. ಗಂಡಹೆಂಡತಿಯರನ್ನು ಕೂರಿಸುವ ಬೆಂಚು ಅದು.

*

ಒಡೆಯುವ ಮಾತು ಮತ್ತೆ ಬರಲಿಲ್ಲ. ಹೇಳುವ ಧೈರ್ಯವೂ ಬರಲಿಲ್ಲ. ಕಲ್ಮೇಶ ದಿನಾ ದೋಣಿಯವರೆಗೆ ಹೋಗಿ ತಿರುಗಿ ಬರುತ್ತಿದ್ದ.

ಕೊನೆಗೆ ನೀಲವ್ವನೇ ಬಂದಳು. ಕೈಯಲ್ಲಿ ಒಂದು ಬಟ್ಟೆಯ ಗಂಟು.

“ನಮಸ್ಕಾರ್ರಿ ಬಾಯಾರ,” ಎಂದಳು. ತಮ್ಮನ ಎದುರಿಗೆ ನಿಂತಳು.

“ಕಲ್ಮೇಶಾ, ನಮ್ಮತ್ತಿ ಈಗ ನನಗ ಏನೂ ಅನ್ನೂದಿಲ್ಲ. ಮಗನ್ನ ಬೈತಾಳ. ಸತ್ತ ಮಗನ್ನ ಕೂತ ಕೂತಲ್ಲೆ ಬೈತಾಳ. ಕೇಳಾಕ ಆಗವಲ್ದು.”

ಕಲ್ಮೇಶ ನೆಲ ನೋಡುತ್ತಿದ್ದ.

“ಅವತ್ತ ಮಲಗೂ ಮುಂದ ಅವ್ರು ಏನಂದ್ರು ಗೊತ್ತೇನು? ನಾ ಇರೂತನಕ ನಿನಗ ಕೂಸಿಲ್ಲ, ನೀ ಇನ್ನೂ ಸಣ್ಣಾಕಿ, ಅಂದ್ರು. ದುಃಖಕ್ಕ ಅಂತಾರ ಅಂದ್ಕೊಂಡೆ. ನಿದ್ದಿ ಮಾಡಿಬಿಟ್ಟೆ. ಎದ್ದು ನೋಡಿದ್ರ ಹಾಸಿಗಿ ತಣ್ಣಗಿತ್ತು.”

ಗಂಟನ್ನು ಬಿಚ್ಚಿದಳು. ಕುಂಚಿಗೆಯ ಬಟ್ಟೆಗಳು. ಹೊಲಿಗೆ ಬಿಚ್ಚಿದ ತೂತುಗಳು ಸಾಲಾಗಿ ಕಾಣುತ್ತಿದ್ದವು.

“ಒಂದ ಕೇಳ್ತೀನಿ. ಅವ್ರದ ಅಂದಿದ್ದೆಲ್ಲ, ಅದು ಖರೇನ?”

ಕಲ್ಮೇಶ ಗುರುವಿನ ಕಡೆ ನೋಡಿದ. ಗುರು ಕಿಟಕಿಯ ಆಚೆ ಹೊಳೆ ನೋಡುತ್ತಿದ್ದರು. ಅಲ್ಲಿಂದ ಸಹಾಯ ಬರುವ ಹಾಗಿರಲಿಲ್ಲ.

“ಅಲ್ಲ ಅಕ್ಕಾ.”

“ಏನಂದಿ?”

“ಅವ್ರದಲ್ಲ. ನಿಂದು. ನಂದೂ ಹಂಗ ಅದ, ಅಪ್ಪ ಅವ್ವನ ಕಡಿಂದ ಬಂದದ್ದು. ಮಾವನ ರಕ್ತದೊಳಗ ಏನೂ ಇದ್ದಿಲ್ಲ. ನಾನ ಗುರುತು ಅದಲ ಬದಲ ಮಾಡಿದೆ.”

ನೀಲವ್ವ ಅಳಲಿಲ್ಲ. ಗೋಡೆ ಹಿಡಿದು ನಿಂತಳು. ಗುರುವಿನ ಕಡೆ ತಿರುಗಿ ಕೇಳಿದಳು.

“ಹಂಗಾರ ನನಗ ಕೂಸು ಆಗತಿದ್ದೇ ಇಲ್ಲೇನ್ರಿ ಬಾಯಾರ?”

ಗುರು ತಿರುಗಿದರು. ಎಷ್ಟೋ ಮಂದಿಗೆ ಹೇಳಿದ ಮಾತು ಅದು.

“ಆಗತಿತ್ತವ್ವಾ. ಯಾವುದೋ ಒಂದು ನಿಲ್ತಿತ್ತು.”

“ಅವ್ರ ಕೂಡ?”

“ಅವ್ರ ಕೂಡನ.”

ನೀಲವ್ವ ಬಟ್ಟೆಗಳನ್ನು ಒಂದೊಂದಾಗಿ ಮಡಚಿದಳು. ಗಂಟು ಕಟ್ಟಿದಳು. ತಮ್ಮನ ಮುಖವನ್ನು ಒಮ್ಮೆ ನೋಡಿದಳು, ಗುರುತು ಸಿಗದವರನ್ನು ನೋಡುವ ಹಾಗೆ.

“ಅಕ್ಕಾ, ನಾನು ನಿನ್ನ ಸಲುವಾಗಿನ...”

“ಗೊತ್ತದ,” ಎಂದಳು. “ನೀ ಮಾಡಿದ್ದೆಲ್ಲಾ ನನ್ನ ಸಲುವಾಗೇ. ಇನ್ನ ಮ್ಯಾಲ ನನ್ನ ಸಲುವಾಗಿ ಏನೂ ಮಾಡಬ್ಯಾಡ. ನಾ ಹೋಗಿ ನಮ್ಮತ್ತಿ ಮುಂದ ಹೇಳ್ತೀನಿ. ಸತ್ತವರನ್ನ ಬೈಯೂದು ನಿಲ್ಲಲಿ.”

“ನಿನ್ನ ಹೊರಗ ಹಾಕ್ತಾರ ಅಕ್ಕಾ!”

“ಹಾಕಲಿ.”

ದೋಣಿ ಆಚೆ ದಂಡೆ ಮುಟ್ಟುವವರೆಗೆ ಕಲ್ಮೇಶ ಮೆಟ್ಟಿಲ ಮೇಲೆ ನಿಂತಿದ್ದ. ಅವಳು ತಿರುಗಿ ನೋಡಲಿಲ್ಲ.

*

ಒಳಗೆ ಬಂದು ಗುರುವಿನ ಕಾಲ ಹತ್ತಿರ ಕುಸಿದ.

“ಬಾಯಾರ, ಕಾಶಿಗೆ ಹೋಗಂದ್ರ ಹೋಗ್ತೀನಿ. ಉಪವಾಸ ಇರು ಅಂದ್ರ ಇರ್ತೀನಿ. ಇದನ್ನ ಹೆಂಗ ತೊಳಕೊಳ್ಳಲಿ ಹೇಳ್ರಿ.”

ಗುರು ಮೇಜಿನ ಮೇಲಿಂದ ಒಂದು ಸ್ಲೈಡು ಎತ್ತಿದರು. ವೈ ಹೊಳೆದ ಸ್ಲೈಡು, ಅಡಿವೆಪ್ಪನದು. ಅದರ ತುದಿಯಲ್ಲಿ ಕಲ್ಮೇಶ ಎಳೆದ ಒಂದು ಗೆರೆ ನೀಲಿಯಾಗಿ ಇನ್ನೂ ಕೂತಿತ್ತು.

ಹತ್ತಿಯನ್ನು ಮೆಥನಾಲಿನಲ್ಲಿ ಅದ್ದಿ ಆ ಗೆರೆಯ ಮೇಲೆ ಒಮ್ಮೆ ಎಳೆದರು. ಶಾಯಿ ಹರಿದು ಹೋಯಿತು. ಅಲ್ಲಿ ಏನೂ ಉಳಿಯಲಿಲ್ಲ.

ಆಮೇಲೆ ಮೊನೆ ಮುರಿದ ಪೆನ್ಸಿಲ್ಲನ್ನು ಹುಡುಕಿ ತೆಗೆದರು. ಬ್ಲೇಡು ತಂದು ನಿಧಾನಕ್ಕೆ ಹೆರೆದರು. ಹೊಟ್ಟು ಅವರ ಸೀರೆಯ ಮೇಲೆ ಬಿದ್ದಿತು.

ಆ ಮನೆಯಲ್ಲಿ ಸ್ಲೈಡಿನ ಮೇಲೆ ಯಾರ ಹೆಸರನ್ನೂ ಅದುವರೆಗೆ ಬರೆದಿರಲಿಲ್ಲ.

ಗುರು ಸ್ಲೈಡನ್ನೂ ಪೆನ್ಸಿಲ್ಲನ್ನೂ ಅವನ ಕೈಗೆ ಕೊಟ್ಟರು.

“ಅಡಿವೆಪ್ಪನ ಹೆಸರ ಬರಿ. ಇದು ತೊಳದರ ಹೋಗೂದಿಲ್ಲ.”